ಗಡಿಬಿಡಿಯ ಕೊನೆಯ ಸೋಮವಾರ

ಹೋದ ತಿಂಗಳು ಇಲಾಖೆಯ ಮೀಟಿಂಗಿಗೆಂದು ಹಾನಗಲ್ಲಿಗೆ ಹೋಗಿದ್ದೆ. ಮೀಟಿಂಗು ಎಂದಿನಂತೆ ಚಹಾ ಬರುವವರೆಗೆ ಚುರುಕಾಗಿ, ಚಹಾ ಆದಮೇಲೆ ಆಕಳಿಸುತ್ತ ನಡೆಯಿತು. ಮುಗಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಬರುವಾಗ ಒಂದು ಅಂಗಡಿಯ ಮುಂದೆ ಕೊಬ್ಬರಿ ಮಾಲೆಗಳನ್ನು ಸಾಲಾಗಿ ತೂಗಬಿಟ್ಟಿದ್ದರು. ದೀಪಾವಳಿ ಹತ್ತಿರ ಬಂದಿತ್ತು. ನಮ್ಮ ಹಾವೇರಿ ಸೀಮೆಯಲ್ಲಿ ದೀಪಾವಳಿ ಅಂದರೆ ಪಟಾಕಿಗಿಂತ ಮೊದಲು ಹೋರಿ. ಕೋಡಿಗೆ ಬಣ್ಣ ಬಳಿದು, ಕೊರಳ ತುಂಬ ಒಣಕೊಬ್ಬರಿಯ ಮಾಲೆ ಕಟ್ಟಿ, ಕಿಕ್ಕಿರಿದ ಜನರ ನಡುವೆ ಓಡಿಸುತ್ತಾರೆ. ಮಾಲೆ ಕಿತ್ತವನು ಗೆದ್ದ. ಯಾರ ಕೈಗೂ ಕೊಡದೆ ದಾಟಿದರೆ ಹೋರಿ ಗೆದ್ದಿತು. ಅಂಗಡಿಯ ಮಾಲೆಗಳು ಹೋದ ವರ್ಷದ್ದಿರಬೇಕು, ಸಣ್ಣಗೆ ಕಮಟು ವಾಸನೆ ಬರುತ್ತಿತ್ತು. ಆ ವಾಸನೆಗೆ ನಾನು ನಿಂತೇಬಿಟ್ಟೆ. ಅಂಗಡಿಯವ, “ಎಷ್ಟ ಬೇಕ್ರಿ ಮೇಡಂ?” ಎಂದ. ನನಗೆ ಬೇಕಾದದ್ದು ಅಲ್ಲಿ ಇರಲಿಲ್ಲ. ಹಿಂದೆ ಕೆಲಸ ಮಾಡಿದ ಊರಿನ ನೀಲವ್ವನ ಕೊಟ್ಟಿಗೆ ಕಣ್ಣ ಮುಂದೆ ಬಂದಿತ್ತು.

ಹಿರೇಕೆರೂರು ತಾಲ್ಲೂಕಿನಲ್ಲಿ ನಾನಿದ್ದದ್ದು ಒಂದೇ ವರ್ಷ. ಅಬಲೂರಿಗೆ ಹೋಗುವ ದಾರಿಯಲ್ಲೊಂದು ಊರು, ಅಲ್ಲೊಂದು ಎರಡು ಕೋಣೆಯ ಪಶು ಆಸ್ಪತ್ರೆ, ಅದಕ್ಕೆ ನಾನೊಬ್ಬಳೇ ಡಾಕ್ಟರು. ಮಳೆಯನ್ನೇ ನಂಬಿದ ಹೊಲಗಳು, ಗೋವಿನಜೋಳ, ಹತ್ತಿ, ಅಲ್ಲಲ್ಲಿ ಬೇವಿನ ಮರ. ಅದಕ್ಕೆ ಮೊದಲು ಶಿಗ್ಗಾವಿಯ ಕಡೆ ಇದ್ದೆ. ದನಗಳಿಗೆ ಚರ್ಮಗಂಟು ರೋಗ ಬಂದದ್ದು ಆಗಲೇ. ಬೆಳಗಾದರೆ ಯಾರದೋ ಮನೆಯಲ್ಲಿ ಯಾವುದೋ ಎತ್ತು ಬಿದ್ದಿರುತ್ತಿತ್ತು, ಇಲ್ಲವೆ ಹಾಲು ಹಿಂಡುವ ಆಕಳು. ಪ್ರತಿ ಮನೆಯಲ್ಲೂ ಯಾರಾದರೊಬ್ಬರು ನನ್ನ ಮುಖವನ್ನೇ ನೋಡುತ್ತ ನಿಂತಿರುತ್ತಿದ್ದರು. ಕಾಲೇಜಿನಲ್ಲಿ ದನದ ಹೊಟ್ಟೆಯ ನಾಲ್ಕು ಕೋಣೆಗಳ ಬಗ್ಗೆ ಒಂದು ವರ್ಷ ಪಾಠ ಮಾಡಿದ್ದರು. ಆ ಮುಖಗಳಿಗೆ ಏನು ಹೇಳಬೇಕು ಅನ್ನುವುದರ ಬಗ್ಗೆ ಒಂದು ತಾಸೂ ಮಾಡಿರಲಿಲ್ಲ. ಹೀಗಾಗಿ ನಾನೇ ಒಂದು ಮಾತು ಹೊಂದಿಸಿಕೊಂಡಿದ್ದೆ: “ನಮ್ಮ ಕೈಲಾದದ್ದು ಮಾಡೀವ್ರಿ, ಮುಂದ ದೇವರದಾನ.” ಇಷ್ಟು ಹೇಳಿ ಬ್ಯಾಗು ಎತ್ತಿಕೊಂಡು ಗಾಡಿ ಹತ್ತುವುದು.

ಮೊದಮೊದಲು ಹಾಗಂದು ಬಂದ ದಿನ ಊಟ ಸೇರುತ್ತಿರಲಿಲ್ಲ. ಆಮೇಲೆ ಸೇರಿತು. ಹಿರೇಕೆರೂರಿಗೆ ಬರುವ ಹೊತ್ತಿಗೆ ನಾನು ಒಳಗೊಳಗೇ ಮರಗಟ್ಟಿದ್ದೆ. ಅದನ್ನು ದುಃಖ ಅನ್ನಲಾರೆ. ದುಃಖವಾದರೂ ಇದ್ದಿದ್ದರೆ ಒಂದು ದಿನ ಕೂತು ಅತ್ತು ಮುಗಿಸಬಹುದಿತ್ತು. ಚಹಾ ಬಿಸಿ ಇದ್ದರೂ ಅಷ್ಟೇ, ಆರಿದ್ದರೂ ಅಷ್ಟೇ. ಮನೆಯಿಂದ ಅವ್ವ ಫೋನ್ ಮಾಡಿ, “ಆರಾಮ ಅದಿಯೇನ?” ಅಂದರೆ “ಆರಾಮ ಅದೇನಿ” ಅನ್ನುತ್ತಿದ್ದೆ, ಮತ್ತು ಅದು ಸುಳ್ಳು ಅಂತಲೂ ಅನ್ನಿಸುತ್ತಿರಲಿಲ್ಲ.

ಆ ವರ್ಷ ಮುಂಗಾರಿನ ಕೊನೆಯಲ್ಲಿ ಚನ್ನವೀರಪ್ಪ ಅನ್ನುವವರು ಆಸ್ಪತ್ರೆಗೆ ಬಂದರು. ಐವತ್ತು ದಾಟಿದ ರೈತ, ಮಾತು ಕಡಿಮೆ, ಹಣೆಗೆ ದಿನವೂ ವಿಭೂತಿ. “ಹೋರಿ ತಲಿ ಕೊಡವಾಕತ್ತೈತ್ರಿ ಮೇಡಂ. ಗೂಟಕ್ಕ ಕೋಡು ತಿಕ್ಕತೈತಿ, ಬಿಡಾಂಗಿಲ್ಲ” ಅಂದರು. ಅವರ ಹೋರಿಯ ಹೆಸರು ಕೇಳಿ ನನಗೆ ನಗು ಬಂತು. ಗಡಿಬಿಡಿ. ಮೊದಲನೇ ವರ್ಷ ಹಬ್ಬದಲ್ಲಿ ಹಗ್ಗ ಬಿಚ್ಚುವ ಮೊದಲೇ ಹರಿದುಕೊಂಡು ಓಡಿದ್ದಕ್ಕೆ ಆ ಹೆಸರು ಬಿತ್ತಂತೆ. ಸುತ್ತಲಿನ ಊರುಗಳಲ್ಲಿ ಗಡಿಬಿಡಿಗೆ ಅಭಿಮಾನಿ ಬಳಗವಿತ್ತು, ಬಳಗಕ್ಕೆ ಒಂದೇ ಬಣ್ಣದ ಟೀ ಶರ್ಟುಗಳಿದ್ದವು, ಮಾರುತಿ ಎಂಬ ಅಧ್ಯಕ್ಷನೂ ಇದ್ದ. ಮಾರುತಿಗೆ ಹಿರೇಕೆರೂರಿನಲ್ಲಿ ಫ್ಲೆಕ್ಸ್ ಅಂಗಡಿ. ನಮ್ಮ ಕಡೆ ಯಾರು ಹುಟ್ಟಿದರೂ ಸತ್ತರೂ ಗೆದ್ದರೂ ಅವನಿಗೆ ಕೈತುಂಬ ಕೆಲಸ.

ಮನೆಯಲ್ಲಿ ಮಾತ್ರ ಹೋರಿಗೆ ಬೇರೆಯೇ ಹೆಸರು. ಚನ್ನವೀರಪ್ಪನವರ ಹೆಂಡತಿ ನೀಲವ್ವ ಅದನ್ನು ‘ತಮ್ಮ’ ಅನ್ನುತ್ತಿದ್ದಳು. ಕರುವಾಗಿದ್ದಾಗ ತಂದಿದ್ದರು, ಮೈ ತೊಳೆದು ಹಿಂಡಿ ತಿನ್ನಿಸಿ ಬೆಳೆಸಿದವಳು ಅವಳೇ. ಆದರೆ ಅದು ಓಡುವುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ, ಹೆಂಗಸರು ಆ ಕಡೆ ಹೋಗುವ ಪದ್ಧತಿ ಇರಲಿಲ್ಲ. ಓಟದ ಸುದ್ದಿಯಾಗಿ ಅವಳಿಗೆ ಸಿಗುತ್ತಿದ್ದದ್ದು ಮನೆಗೆ ವಾಪಸು ಬಂದ ಕೊಬ್ಬರಿ ಮಾಲೆಗಳು. ಚಟ್ನಿಗೆ ಹಾಕಿ, ಬೀಗರಿಗೆ ಕೊಟ್ಟು, ಇನ್ನೂ ಉಳಿದದ್ದನ್ನು ಕೊಟ್ಟಿಗೆಯ ತೊಲೆಗೆ ತೂಗುಹಾಕಿದ್ದಳು. ಕೊಟ್ಟಿಗೆಯೆಲ್ಲ ಸಗಣಿ, ಹಿಂಡಿ ಮತ್ತು ಆ ಕಮಟು ವಾಸನೆ.

ಬಲಗೋಡಿನ ಬುಡ ಊದಿತ್ತು. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರಬೇಕಾದಲ್ಲಿ ಗಟ್ಟಿ ಸದ್ದು ಬರುತ್ತಿತ್ತು. ಅದೇ ಬದಿಯ ಮೂಗಿನ ಹೊಳ್ಳೆಯಲ್ಲಿ ರಕ್ತದ ಎಳೆ. ಕೋಡಿನ ಕ್ಯಾನ್ಸರು. ಅದನ್ನು ಹೇಳಲು ಬಾಯಿ ತೆಗೆಯುವಷ್ಟರಲ್ಲಿ ನೀಲವ್ವ ನನ್ನ ಕೈ ಹಿಡಿದು ಹೊರಗೆ ಕಟ್ಟೆಗೆ ಕರೆದುಕೊಂಡು ಬಂದಳು. “ಅವನ ಮುಂದ ಕೆಟ್ಟದ್ದು ಮಾತಾಡಬ್ಯಾಡವ್ವಾ. ಅವಂಗ ತಿಳಿತೈತಿ” ಅಂದಳು. ಆ ಭಾಗದಲ್ಲಿ ಹಾಗೆ ನಡೆದುಕೊಳ್ಳುವ ಮನೆಗಳು ಬೇಕಾದಷ್ಟಿದ್ದವು. ನಾನು ಕಟ್ಟೆಯ ಮೇಲೆ ಕೂತು ಕೋಡು ತೆಗೆಯಬೇಕು ಅಂತ ಹೇಳಿದೆ.

ಬಳಗದವರು ಒಪ್ಪಲಿಲ್ಲ. ಬಣ್ಣದ ಕೆಮಿಕಲ್ಲಿನಿಂದ ಹೀಗಾಗಿದೆ ಅಂತ ಒಬ್ಬ, ಯಾರದೋ ಕಣ್ಣು ಬಿದ್ದಿದೆ ಅಂತ ಇನ್ನೊಬ್ಬ. ಒಂಟಿ ಕೋಡಿನ ಹೋರಿಯನ್ನು ಯಾರು ನೋಡುತ್ತಾರೆ ಅಂತ ಮಾರುತಿ. ನೀಲವ್ವ ರೊಟ್ಟಿ ಬಡಿಯುತ್ತಿದ್ದವಳು ಅಲ್ಲಿಂದಲೇ, “ನಿಮಗ ಕೋಡ ಬೇಕಾಗಿದ್ರ ಕೋಡ ಒಯ್ರಿ. ಅಂವ ನನಗಿರಲಿ” ಅಂದಳು. ಕೋಡು ತೆಗೆದೆ. ಗಾಯ ಒಣಗಿತು, ಹೋರಿ ಮೇವು ತಿಂದಿತು, ಆ ದೀಪಾವಳಿಗೆ ಬಳಗದವರು ಮನೆಗೇ ಬಂದು ಕೊರಳಿಗೊಂದು ಮಾಲೆ ಕಟ್ಟಿ ಫೋಟೋ ತೆಗೆಸಿಕೊಂಡು ಹೋದರು. ಚಂದ ಕಾಣಲಿ ಅಂತ ಎಡಗಡೆಯಿಂದ ತೆಗೆದರು.

ಚಳಿ ಬಿದ್ದಿತು. ಊರಿನವರೆಲ್ಲ ಗೋವಿನಜೋಳವನ್ನು ಡಾಂಬರು ರಸ್ತೆಯ ಮೇಲೆ ಒಣಹಾಕುವ ಕಾಲ. ಅರ್ಧ ರಸ್ತೆ ಹಳದಿ, ಉಳಿದರ್ಧದಲ್ಲಿ ಬಸ್ಸು, ಟ್ರ್ಯಾಕ್ಟರು, ನನ್ನ ಸ್ಕೂಟಿ. ಬೆಳಗಿನ ಮಂಜಿನಲ್ಲಿ ಕಾಳಿನ ಮೇಲೆ ಗಾಡಿ ಜಾರಿ ಬಿದ್ದು ಮೊಣಕಾಲು ಕೆತ್ತಿಕೊಂಡೆ. ಕಾಳು ಹರವುತ್ತಿದ್ದ ಹೆಂಗಸರು ಮೊದಲು ನನ್ನನ್ನು ಎಬ್ಬಿಸಿ ಆಮೇಲೆ ಕಾಳನ್ನು ಸರಿಮಾಡಿದರು. ಮೊಣಕಾಲಿನಿಂದ ರಕ್ತ ಬರುತ್ತಿತ್ತು, ನಾನು ಅದನ್ನು ಬೇರೆ ಯಾರದೋ ಕಾಲು ಅನ್ನುವ ಹಾಗೆ ನೋಡಿದೆ.

ಅವತ್ತು ಹೋಗುತ್ತಿದ್ದದ್ದು ಚನ್ನವೀರಪ್ಪನವರ ಮನೆಗೇ. ಕ್ಯಾನ್ಸರು ಮರಳಿತ್ತು. ಕೋಡು ತೆಗೆದ ಜಾಗದಲ್ಲಿ ಮಾಂಸ ಹೂಕೋಸಿನ ಹಾಗೆ ಬೆಳೆದಿತ್ತು, ಕಣ್ಣು ಒಂದು ಬದಿಗೆ ತಳ್ಳಿಕೊಂಡಿತ್ತು. ಹೋರಿ ಹಣೆಯನ್ನು ಗೋಡೆಗೆ ಒತ್ತಿಕೊಂಡು ನಿಂತೇ ಇರುತ್ತಿತ್ತು. ನೋವಿನ ಸೂಜಿ ಮಾಡಿದರೆ ಒಂದು ಹೊತ್ತು ತಡೆಯುತ್ತಿತ್ತು, ಆಮೇಲೆ ಅದೂ ಇಲ್ಲ. ಒಂದಷ್ಟು ದಿನ ಹೀಗೇ ನಡೆದ ಮೇಲೆ, ಒಂದು ಭಾನುವಾರ ಚನ್ನವೀರಪ್ಪನವರನ್ನು ಬೇವಿನ ಮರದ ಕೆಳಗೆ ಕರೆದು ಹೇಳಿದೆ. ಇದು ಗುಣವಾಗುವುದಿಲ್ಲ, ಇನ್ನು ಉಳಿದಿರುವುದು ನೋವು ಒಂದೇ, ನೀವು ಒಪ್ಪಿದರೆ ಸೂಜಿ ಕೊಟ್ಟು ಮಲಗಿಸಿಬಿಡಬಹುದು, ಅದಕ್ಕೆ ಬೇಕಾದ ಅನುಮತಿ ತಂದಿದ್ದೇನೆ. ಸಣ್ಣ ದನಿಯಲ್ಲಿ ಹೇಳಿದೆ. ಅವರು ಟವೆಲಿನಿಂದ ಮುಖ ಒರೆಸಿಕೊಂಡರು.

“ನಾಳೆ ಸೋಮವಾರ. ಬಸವಣ್ಣನ ವಾರ. ನಾಳೆ ಬ್ಯಾಡ್ರಿ” ಅಂದರು. ಸೋಮವಾರ ಎತ್ತು ಹೂಡುವುದಿಲ್ಲ, ನೊಗ ಮುಟ್ಟಿಸುವುದಿಲ್ಲ. ಆ ಕಡೆಯ ಒಕ್ಕಲು ಮನೆಗಳಲ್ಲಿ ಅದನ್ನು ಯಾರೂ ಮೀರುವುದಿಲ್ಲ. ಮಂಗಳವಾರ ಮುಂಜಾನೆ ಅಂತ ಆಯಿತು. “ನೀಲವ್ವಾರಿಗೆ?” ಅಂದೆ. “ನಾ ಹೇಳ್ತೇನಿ ತಗೋರಿ” ಅಂದರು. ಮನೆಯ ಗಂಡಸಿಗೆ ಹೇಳಿಯಾಯಿತು, ಒಪ್ಪಿಗೆಯ ಕಾಗದಕ್ಕೆ ಸಹಿಯಾಯಿತು. ನಾವೆಲ್ಲ ಅಷ್ಟಕ್ಕೇ ಬಿಡುವುದು. ರಾತ್ರಿ ಊಟ ಮಾಡಿ ಮಲಗಿದೆ, ನಿದ್ದೆಯೂ ಬಂತು.

ಚನ್ನವೀರಪ್ಪನವರು ಹೇಳಲಿಲ್ಲ. ಹೆಂಡತಿಯ ಮುಂದೆ ಬಾಯಿ ಬರದೆ ಎದ್ದುಹೋಗಿ ಮಾರುತಿಗೆ ಹೇಳಿದರು. ಮಾರುತಿ ಅಳುತ್ತಲೇ ತನಗೆ ಗೊತ್ತಿದ್ದ ಕೆಲಸ ಮಾಡಿದ. ಸೋಮವಾರ ಬೆಳಗಾಗುವಷ್ಟರಲ್ಲಿ ಊರ ಮುಂದಿನ ಬಸ್ ಸ್ಟಾಪಿಗೆ ಆಳೆತ್ತರದ ಫ್ಲೆಕ್ಸ್ ಏರಿತ್ತು. ಎರಡೂ ಕೋಡು ಇದ್ದ ಕಾಲದ ಗಡಿಬಿಡಿಯ ಫೋಟೋ, ಅದಕ್ಕೆ ಹಾರ, ‘ಭಾವಪೂರ್ಣ ಶ್ರದ್ಧಾಂಜಲಿ’, ‘ಮತ್ತೆ ಹುಟ್ಟಿ ಬಾ’. ಕೆಳಗೆ ಬಳಗದವರ ದುಂಡನೆಯ ಸಣ್ಣ ಸಣ್ಣ ಮುಖಗಳು, ನಡುವೆ ಕೈಮುಗಿದ ಚನ್ನವೀರಪ್ಪ. ಸತ್ತ ತಾರೀಖು ಮಂಗಳವಾರದ್ದು. ಟ್ರ್ಯಾಕ್ಟರು, ಡಿಜೆ, ಹೂವು ಎಲ್ಲದಕ್ಕೂ ಮಂಗಳವಾರಕ್ಕೇ ಹೇಳಿಯಾಗಿತ್ತು. ನೀಲವ್ವ ಜೋಳದ ಪುಟ್ಟಿ ತಲೆಯ ಮೇಲಿಟ್ಟುಕೊಂಡು ಗಿರಣಿಗೆ ಹೊರಟವಳು ಅದನ್ನು ನೋಡಿದಳು. ಅವಳಿಗೆ ಓದಲು ಬರುತ್ತಿತ್ತು.

ನನಗೆ ಚನ್ನವೀರಪ್ಪನವರ ಫೋನು ಬಂತು. “ಮೇಡಂರ, ನಮ್ಮಾಕಿ ಕೊಟಗಿ ಬಾಗಲಾ ಹಾಕ್ಕೊಂಡ ಒಳಗ ಕುಂತಾಳ್ರಿ. ಯಾರಿಗೂ ತಗೀವಲ್ಲಳು. ನೀವರ ಬರ್ರಿ.” ಹೋದೆ. ಅಂಗಳದಲ್ಲಿ ಜನ ಸೇರಿದ್ದರು. ಮಾರುತಿ ಗೋಡೆಗೆ ಮುಖ ಹಾಕಿ ನಿಂತಿದ್ದ. ಬಾಗಿಲು ತಟ್ಟಿ, “ನೀಲವ್ವಾರ, ನಾ ಡಾಕ್ಟರ್” ಅಂದೆ. ಮತ್ತೊಮ್ಮೆ ತಟ್ಟಿದೆ. ಆಮೇಲೆ ಚಿಲಕ ತೆಗೆದ ಸದ್ದಾಯಿತು. ನನ್ನನ್ನೊಬ್ಬಳನ್ನೇ ಒಳಗೆ ಬಿಟ್ಟುಕೊಂಡಳು.

ಹೋರಿ ಗೋಡೆಗೆ ಹಣೆಯೊತ್ತಿ ನಿಂತಿತ್ತು. ಗೋದಲಿಯಲ್ಲಿ ಹಾಕಿದ ಹಸಿ ಮೇವು ಹಾಗೇ ಇತ್ತು. ನಾನು ರೂಢಿಯಂತೆ ಹೊರಗೆ ಕಟ್ಟೆಯ ಕಡೆ ಕೈ ತೋರಿಸಿದೆ. ನೀಲವ್ವ ತಲೆ ಅಲ್ಲಾಡಿಸಿದಳು.

“ಇಲ್ಲೇ ಹೇಳು. ಅವನ ಮುಂದನ ಹೇಳು. ಊರಿಗೆಲ್ಲಾ ಗೊತ್ತಾಗೇತಿ. ಅವಂಗ, ನನಗ ಇಬ್ಬರಿಗೇ ಗೊತ್ತಿಲ್ಲ.”

ನನ್ನ ಆ ತಯಾರಿ ಮಾತು ನಾಲಿಗೆಯ ತುದಿಗೆ ಬಂತು. ನಮ್ಮ ಕೈಲಾದದ್ದು ಮಾಡೀವಿ ಅನ್ನುವ ಮಾತು. ಅವಳ ಮುಖ ನೋಡಿ ಹೇಳಲು ಆಗಲಿಲ್ಲ. ನೆಲದ ಮೇಲೆ ಕೂತೆ. ಅವಳೂ ಕೂತಳು.

“ಅವಂಗ ನೋವು ಐತೇನವ್ವಾ?”

“ಐತ್ರಿ.”

“ಭಾಳ?”

“ಭಾಳ ಐತ್ರಿ. ಗಡ್ಡಿ ಮೆದುಳಿಗೆ ಒತ್ತಾಕತ್ತೈತಿ. ಅದಕ್ಕ ಗ್ವಾಡಿಗೆ ತಲಿ ಕೊಟ್ಟು ನಿಂತಾನ. ನಾ ಕೊಡೋ ಔಷಧ ಈಗ ಹತ್ತಾಕತ್ತಿಲ್ಲ.”

“ನಾ ಹಚ್ಚೋ ಎಣ್ಣಿ?”

“ನಿಮ್ಮ ಕೈ ಅವಂಗ ಚಲೋ ಅನಸ್ತೈತಿ. ನೋವು ಕಡಿಮಿ ಆಗಾಂಗಿಲ್ಲ.”

ಅವಳು ಹೋರಿಯ ಮುಂಗಾಲನ್ನು ಸವರುತ್ತಿದ್ದಳು. “ಸೂಜಿ ಮಾಡಿದ್ರ ಏನಾಕ್ಕೈತಿ? ಒಂದೂ ಬಿಡದಂಗ ಹೇಳು.”

ಹೇಳಿದೆ. ಅಷ್ಟು ವರ್ಷದ ನೌಕರಿಯಲ್ಲಿ ಹಾಗೆ ಬಿಡಿಸಿ ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಮೊದಲನೇ ಸೂಜಿಗೆ ಮಂಪರು ಬರುತ್ತದೆ, ಮೊಣಕಾಲೂರಿ ತಾನೇ ಮಲಗುತ್ತಾನೆ. ಎರಡನೆಯದು ಕುತ್ತಿಗೆಯ ನರಕ್ಕೆ. ಅದು ಅವನಿಗೆ ತಿಳಿಯುವುದಿಲ್ಲ. ಉಸಿರು ನಿಂತ ಮೇಲೂ ಒಮ್ಮೆ ಎಳೆದ ಹಾಗೆ ಕಾಣಬಹುದು, ಚರ್ಮ ಅದುರಬಹುದು, ಅದು ಅವನಲ್ಲ, ಬರೀ ಮೈ. “ಕಣ್ಣು ಮುಚ್ಚಾಂಗಿಲ್ರಿ. ತೆರದ ಇರ್ತಾವು. ಹೆದರಬ್ಯಾಡ್ರಿ.”

“ನಾ ಇರಬೌದೇನು?”

“ನೀವ ಇರಬೇಕ್ರಿ. ತಲಿ ಹಿಡ್ಕೊಳ್ರಿ.”

ಇಷ್ಟನ್ನೂ ನಾನು ದರ ಹೇಳುವವರ ದನಿಯಲ್ಲಿ ಹೇಳಿದೆ. ನನಗೆ ಬೇರೆ ದನಿ ಉಳಿದಿರಲಿಲ್ಲ. ಅವಳಿಗೆ ಅದು ಕೆಟ್ಟದ್ದು ಅನ್ನಿಸಿದ ಹಾಗೆ ಕಾಣಲಿಲ್ಲ. ಗೋಡೆಗೊತ್ತಿದ ಹಣೆಯನ್ನು ನೋಡಿ, “ನಾಳೆ ಮುಂಜಾನಿ ತನಕ ಅಂವ ಹಿಂಗ ನಿಂದರಬೇಕಲ್ಲ?” ಅಂದಳು. ಹೌದು ಅಂದೆ. “ರಾತ್ರಿ ಎಲ್ಲಾ?” ಹೌದು ಅಂದೆ.

“ಹಂಗಾರ ಇವತ್ತ ಮಾಡು.”

ಬಾಗಿಲ ಹೊರಗೆ ಕೇಳಿಸಿಕೊಂಡ ಚನ್ನವೀರಪ್ಪನವರು ಒಳಗೆ ಬಂದರು. “ನೀಲಾ, ಸೋಮವಾರ ಐತಿ. ಬಸವಣ್ಣನ ವಾರ.” ಹಿಂದೆಯೇ ಮಾರುತಿ, “ಅವ್ವಾ, ನಾಳೆ ಎಲ್ಲಾ ಊರವರೂ ಬರ್ತಾರ. ತಾರೀಖ ಹಾಕೇವಿ…” ಅಂದವನು ಅಲ್ಲಿಗೇ ನಿಂತ. ನೀಲವ್ವ ಇಬ್ಬರನ್ನೂ ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಗಂಡಸರಿಗೆ ಸುಲಭವಾಗುತ್ತಿತ್ತು.

“ಸೋಮವಾರ ಹೂಡಬಾರದಂತ ಹಿರೇರು ಹೇಳ್ಯಾರ. ನೊಗಾ ಇಳಸಬಾರದಂತ ಯಾರ ಹೇಳ್ಯಾರ?”

ಚನ್ನವೀರಪ್ಪನವರು ಟವೆಲು ಬಾಯಿಗಿಟ್ಟುಕೊಂಡು ಗೋದಲಿಯ ಮೇಲೆ ಕೂತುಬಿಟ್ಟರು. ಅಷ್ಟೂ ದಿನ ತಡೆದದ್ದು ಆಗ ಒಡೆಯಿತು. ನೀಲವ್ವ ಎದ್ದು ಹೋಗಿ ಬಿಸಿನೀರು ತಂದು ಹೋರಿಯ ಮೈ ಒರೆಸಿದಳು. ಚನ್ನವೀರಪ್ಪನವರು ವಿಭೂತಿ ಹಚ್ಚಿದರು. ಮಾರುತಿ ಹೊಸ ಹುಲ್ಲು ತಂದು ದಪ್ಪಗೆ ಹಾಸಿದ. ನಾನು ಸೂಜಿ ತುಂಬಿಕೊಂಡೆ. ಮೊದಲನೆಯದಕ್ಕೆ ಹೋರಿ ಗೋಡೆಯಿಂದ ಹಣೆ ತೆಗೆಯಿತು. ಎಷ್ಟೋ ದಿನದ ಮೇಲೆ ತೆಗೆದದ್ದು. ನೀಲವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿತು. “ಸಾಕ ತಮ್ಮಾ. ಓಡಿದ್ದು ಸಾಕು” ಅಂದಳು. ಅವಳು ನೋಡದಿದ್ದ ಓಟ ಅದು. ಎರಡನೆಯ ಸೂಜಿ ಕೊಟ್ಟು ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟೆ, ಬಡಿತ ನಿಂತಿತು. “ಅಂವ ಹೋದ್ರಿ” ಅಂದೆ. ಅದೇ ಮೊದಲ ಸಲ ಆ ಶಬ್ದವನ್ನು ಸುತ್ತಿಬಳಸದೆ ಆಡಿದ್ದು.

ಕಣ್ಣು ತೆರೆದೇ ಇತ್ತು. ನೀಲವ್ವ ಹೆದರಲಿಲ್ಲ. ಅದಕ್ಕೆ ಕೂತ ನೊಣವನ್ನು ಸೆರಗಿನಿಂದ ಓಡಿಸಿದಳು.

ಮಧ್ಯಾಹ್ನ ಅವರ ಹೊಲದಲ್ಲಿ ಹೂಳಿದರು. ನಾಯಿಗಳು ಕೆದರದ ಹಾಗೆ ಆಳವಾಗಿ ತೋಡಲು ಹೇಳಿದ್ದೆ, ಬಳಗದವರು ಟೀ ಶರ್ಟು ಬಿಚ್ಚಿ ತಾವೇ ತೋಡಿದರು. ಡಿಜೆ ಇರಲಿಲ್ಲ, ಬೇರೆ ಊರಿನವರು ಇರಲಿಲ್ಲ. ಹೆಂಗಸರು ಬಂದಿದ್ದರು, ಓಟ ನೋಡದಿದ್ದ ಹೆಂಗಸರೆಲ್ಲ. ಸಂಜೆಗೆ ಮಾರುತಿ ಫ್ಲೆಕ್ಸ್ ಇಳಿಸಿದ.

ನಾನು ಹೊರಡುವಾಗ ನೀಲವ್ವ ಬಿಡಲಿಲ್ಲ. ಹೋರಿ ಹೋದ ಮೇಲೆ ಅವರ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ, ಪಕ್ಕದ ಮನೆಯವರು ರೊಟ್ಟಿ ಪುಂಡಿಪಲ್ಯ ತಂದಿಟ್ಟಿದ್ದರು. ನನ್ನ ಮುಂದೆ ತಾಟು ಇಟ್ಟು ಎದುರಿಗೆ ಕೂತಳು. ತಾನು ಮುಟ್ಟಲಿಲ್ಲ.

“ಇದನ್ನ ದಿನಾ ಮಾಡ್ತಿಯೇನವ್ವಾ?”

“ದಿನಾ ಅಲ್ರಿ. ಆದ್ರ ಮಾಡಬೇಕಾಕ್ಕೈತಿ.”

“ಮಾಡಿದ ಮ್ಯಾಲೆ ಕೂಳ ಹೋಕ್ಕೈತೇನು?”

ಸುಳ್ಳು ಹೇಳಬಹುದಿತ್ತು. “ಹೋಕ್ಕೈತ್ರಿ” ಅಂದೆ. ನಿಜಕ್ಕೂ ಹಸಿವಾಗಿತ್ತು, ರೊಟ್ಟಿ ಬಿಸಿಯಿತ್ತು. ಅವಳು ನನ್ನನ್ನು ತುಸು ಹೊತ್ತು ನೋಡಿದಳು, ಬೆಳಗ್ಗೆ ಹೋರಿಯನ್ನು ನೋಡಿದ ಹಾಗೆಯೇ. “ಪಾಪ ನನ್ನವ್ವ” ಅಂದು ಇನ್ನೊಂದು ರೊಟ್ಟಿ ಹಾಕಿದಳು. ನಾನು ಅದನ್ನೂ ಉಂಡೆ. ಗಾಡಿ ಹತ್ತಿ, ಜೋಳ ಹರವಿದ್ದ ರಸ್ತೆಯ ಅಂಚಿನಲ್ಲಿ ಬಂದೆ. ಅವತ್ತಾದರೂ ಅಳು ಬರುತ್ತದೇನೋ ಅಂತ ದಾರಿಯುದ್ದಕ್ಕೂ ಕಾದೆ. ಬರಲಿಲ್ಲ. ಬೇಸಿಗೆಗೆ ವರ್ಗವಾಯಿತು, ನೀಲವ್ವನನ್ನು ಮತ್ತೆ ನೋಡಲಿಲ್ಲ.

ಈಗ ಸವಣೂರಿನಲ್ಲಿದ್ದೇನೆ. ಇಲ್ಲಿ ದನಕ್ಕಿಂತ ನಾಯಿ ಬೆಕ್ಕಿನ ಫೋನೇ ಹೆಚ್ಚು. ಮೊನ್ನೆ ವೀಳ್ಯದೆಲೆ ತೋಟದ ಮನೆಯವರೊಬ್ಬರು ಫೋನ್ ಮಾಡಿದ್ದರು. ಹದಿನಾಲ್ಕು ವರ್ಷದ ನಾಯಿ, ಎರಡೂ ಕಿಡ್ನಿ ಹೋಗಿವೆ, ಹಿಂದಿನ ದಿನವಷ್ಟೇ ನೋಡಿ ಬಂದಿದ್ದೆ. “ನಮ್ಮ ಮನ್ಯಾಗ ಹೆಂಗಸರು, ಮಕ್ಕಳು ಭಾಳ ಹಚ್ಕೊಂಡಾರ್ರಿ ಮೇಡಂ. ಅವರಿಗೇನೂ ತಿಳಸೂದ ಬ್ಯಾಡ. ಅವರು ಹೊರಗ ಹೋದಾಗ ಬಂದು ಮುಗಿಸಿಬಿಡ್ರಿ. ನಾ ಒಬ್ಬಾಂವ ಇರ್ತೇನಿ” ಅಂದರು. ಒಳ್ಳೆಯ ಮನುಷ್ಯ, ದನಿ ನಡುಗುತ್ತಿತ್ತು.

“ಅದಕ್ಕ ದಿನಾ ಕೂಳ ಹಾಕಾವ್ರು ಯಾರ್ರಿ?” ಅಂದೆ.

“ನಮ್ಮ ಅವ್ವ. ಯಾಕ್ರಿ?”

“ಅವರ ಕೈಯಾಗ ಫೋನ್ ಕೊಡ್ರಿ.”

“ತಡೀರಿ” ಅಂದರು. ಆಮೇಲೆ ಚಪ್ಪಲಿಯ ಸದ್ದು, ಬಾಗಿಲಿನ ಸದ್ದು, ಒಂದು ಮುದಿ ದನಿ “ಯಾರು?” ಅಂದಿತು.

“ನಾ ಡಾಕ್ಟರ್‌ರೀ ಅವ್ವಾರ” ಅಂದೆ. “ನಿಮಗ ಒಂದು ಮಾತು ಹೇಳೋದೈತಿ. ಕುಂತ್ಕೊಳ್ರಿ.”